ಕರಿಮಹಲಿನ ಭಾನುವಾರಗಳು

ನಾನು ಒಂದು ಟೀವಿ. ಈಗಿನವರ ಹಾಗೆ ಗೋಡೆಯ ಮೇಲೆ ಕ್ಯಾಲೆಂಡರಿನಂತೆ ತೂಗುವ ತೆಳು ಜಾತಿ ನನ್ನದಲ್ಲ. ಮುಂದೆ ಉಬ್ಬಿದ ಗಾಜು, ಹಿಂದೆ ದೊಡ್ಡ ಗೂನು, ಎರಡೂ ಬದಿಯಿಂದ ಎಳೆದು ಮುಚ್ಚುವ ಮರದ ಬಾಗಿಲು. ನನ್ನನ್ನು ಎತ್ತಲು ಇಬ್ಬರು ಗಟ್ಟಿ ಆಳು ಬೇಕಾಗುತ್ತಿತ್ತು.

ಹುಟ್ಟಿದ್ದು ಬೆಂಗಳೂರಿನ ಹೊರಗಿನ ಒಂದು ಕಾರ್ಖಾನೆಯಲ್ಲಿ. ಉದ್ದನೆಯ ಮೇಜಿನ ಮುಂದೆ ಸಾಲಾಗಿ ಕುಳಿತ ಹೆಂಗಸರು ನನ್ನ ಒಳಗಿನ ತಂತಿಗಳಿಗೆ ಬೆಸುಗೆ ಹಾಕಿದರು. ಅವರು ಮಾತಾಡಿಕೊಳ್ಳುತ್ತಿದ್ದುದು ಮಕ್ಕಳ ಜ್ವರದ ಬಗ್ಗೆ, ತಪ್ಪಿಹೋದ ಬಸ್ಸಿನ ಬಗ್ಗೆ. ಕಡೆಗೆ ಒಬ್ಬಾಕೆ ಗುಂಡಿ ಒತ್ತಿದಳು. ನನ್ನೊಳಗೆ ವಿದ್ಯುತ್ ಹರಿಯಿತು. ಆಗ ಎದ್ದ ಸಣ್ಣ ಗುಂಯ್‌ಗುಡುವ ನಡುಕ ಎಷ್ಟೋ ವರ್ಷ ನನ್ನನ್ನು ಬಿಡಲಿಲ್ಲ. ಸುಮ್ಮನೆ ಕೂರುವ ಸ್ವಭಾವ ನನಗೆ ಹುಟ್ಟಿನಿಂದಲೇ ಬರಲಿಲ್ಲ.

ಲಾರಿಯಲ್ಲಿ ಗದಗಿಗೆ ಬಂದೆ. ಅಂಗಡಿಯ ಗಾಜಿನ ಹಿಂದೆ ಕೆಲವು ಕಾಲ ನಿಂತೆ. ಅಲ್ಲಿಂದ ನನ್ನನ್ನು ಕೊಂಡವರು ಮುರಿಗೆಪ್ಪ ಯಳಿಗಾರ. ಪೇಟೆಯಲ್ಲಿ ಅವರದು ಪಾತ್ರೆ-ಭಾಂಡೆ ಸಾಮಾನಿನ ಅಂಗಡಿ. ತೂಕದ ಮನುಷ್ಯ, ಮಾತು ಕಡಿಮೆ. ಮನೆಯಲ್ಲಿ ಅವರ ತಾಯಿ ಗುರುಸಿದ್ದವ್ವ, ಹೆಂಡತಿ ಪ್ರಮೀಳಾ, ಮತ್ತು ಐದನೆಯ ಇಯತ್ತೆ ಓದುತ್ತಿದ್ದ ಮಗಳು ಶೈಲಾ. ನಾಲ್ವರ ಸಂಸಾರ ಎಂದು ಓಣಿಗೆಲ್ಲ ಗೊತ್ತಿತ್ತು. ನನಗೂ ಹಾಗೆಯೇ ಅನ್ನಿಸಿತು.

ನನ್ನನ್ನು ಎಲ್ಲಿಡಬೇಕು ಎಂದು ಗುರುಸಿದ್ದವ್ವನೇ ತೋರಿಸಿದರು. ಪಡಸಾಲೆಯಲ್ಲಿ ಗಾಳಿ ಬೆಳಕಿನ ಜಾಗ ಬೇಕಾದಷ್ಟಿತ್ತು. ಆದರೆ ಆಕೆ ಕೈಮಾಡಿದ್ದು ಹಿಂದಿನ ಗೋಡೆಯ ಕಡೆಗೆ. ಆ ಗೋಡೆಯಲ್ಲಿ ಹಳೆಯ ಸಣ್ಣ ಕಿಟಕಿಯೊಂದಿತ್ತು. ಅದಕ್ಕೆ ಹಲಗೆ ಹೊಡೆದು ಮುಚ್ಚಿದ್ದರು.

"ಅದರ ಮುಂದ ಇಡ್ರಿ. ಹಲಗಿ ಕಾಣಬಾರದು," ಎಂದರು.

ನನಗೆ ವಿಭೂತಿ ಹಚ್ಚಿ, ಕಾಯಿ ಒಡೆದು, ಊದಿನಕಡ್ಡಿ ಬೆಳಗಿದರು. ಪ್ರಮೀಳಾ ಕೈಯಿಂದ ಕಸೂತಿ ಹಾಕಿದ ಬಟ್ಟೆಯೊಂದನ್ನು ನನ್ನ ತಲೆಯ ಮೇಲೆ ಹೊದಿಸಿದಳು. ಆ ಸಂಜೆ ವಾರ್ತೆ ನಡೆಯುತ್ತಿತ್ತು. ಎಲ್ಲರೂ ನನ್ನ ಮುಂದೆ ಕುಳಿತಿದ್ದರು. ಆಗಲೇ ನನ್ನ ಬೆನ್ನ ಹಿಂದೆ, ಹಲಗೆಯ ಆಚೆಯಿಂದ, ಯಾರೋ ಉಸಿರಾಡಿದ ಹಾಗಾಯಿತು. ಬಟ್ಟೆ ಸರಿದಾಡಿದ ಸದ್ದು. ಬೆರಳಿನಿಂದ ಹಲಗೆಯನ್ನು ಮೆಲ್ಲಗೆ ಸವರಿದ ಸದ್ದು.

ನನಗೆ ಹೊರಳಿ ನೋಡಲು ಬರುವುದಿಲ್ಲ. ಟೀವಿಯ ಕಣ್ಣು ಯಾವಾಗಲೂ ಮುಂದಕ್ಕೆ. ಅಂದಿನಿಂದ ನನ್ನ ಮನಸ್ಸೆಲ್ಲ ಬೆನ್ನಲ್ಲೇ ಇತ್ತು.

ದಿನ ಕಳೆದಂತೆ ತಿಳಿಯುತ್ತ ಹೋಯಿತು. ಆಚೆಗಿದ್ದದ್ದು ಹಿಂದಿನ ಖೋಲಿ, ಒಂದು ಸಣ್ಣ ಕೋಣೆ. ಅದರಲ್ಲಿದ್ದವಳು ಮುರಿಗೆಪ್ಪನವರ ತಂಗಿ ಕಸ್ತೂರಿ. ಪ್ರಮೀಳಾ ಹೊತ್ತುಹೊತ್ತಿಗೆ ಊಟದ ತಾಟು ಹಿಡಿದುಕೊಂಡು ಹೋಗುತ್ತಿದ್ದಳು. ಚಿಲಕ ತೆಗೆದ ಸದ್ದು, ಹಾಕಿದ ಸದ್ದು ಕೇಳಿಸುತ್ತಿತ್ತು. ಯಾರಾದರೂ ಕಸ್ತೂರಿಯನ್ನು ಕೇಳಿದರೆ ಗುರುಸಿದ್ದವ್ವ ನಗುಮುಖದಿಂದಲೇ, "ಅಥಣ್ಯಾಗ ಅದಾಳ್ರಿ, ಗಂಡನ ಮನ್ಯಾಗ. ಆರಾಮ ಅದಾಳ," ಅನ್ನುತ್ತಿದ್ದರು. ಹಾಗೆ ಹೇಳುವಾಗ ಆಕೆಯ ಬೆನ್ನು ಸರಿಯಾಗಿ ನನ್ನ ಕಡೆಗಿರುತ್ತಿತ್ತು. ಕಸ್ತೂರಿಗೆ ಆಗಾಗ ಮೂರ್ಛೆ ಬರುತ್ತಿತ್ತು. ಗಂಡನ ಮನೆಯವರು ದೆವ್ವ ಬಡಿದಿದೆ ಎಂದು ತಂದು ಬಿಟ್ಟುಹೋಗಿದ್ದರು.

ಆ ವರ್ಷವೇ 'ಕರಿಮಹಲ್' ಧಾರಾವಾಹಿ ಶುರುವಾಯಿತು.

ಭಾನುವಾರ ಬೆಳಿಗ್ಗೆ ಬರುತ್ತಿತ್ತು. ಹಿಂದಿನ ಕಾಲದ ಒಂದು ಸಣ್ಣ ಸಂಸ್ಥಾನದ ಕತೆ. ಗುಡ್ಡದ ಮೇಲೆ ಕರಿಕಲ್ಲಿನ ಅರಮನೆ, ಬಾವಲಿ ತುಂಬಿದ ಬುರುಜು, ದೀವಟಿಗೆಯ ಹೊಗೆ. ದೊರೆಯ ಹಿರಿಯ ರಾಣಿ ಸತ್ತಳೆಂದು ಡಂಗುರ ಸಾರಿ, ಆಕೆಗೊಂದು ಸಮಾಧಿಯನ್ನೂ ಕಟ್ಟಿಸಿರುತ್ತಾರೆ. ಆದರೆ ಆಕೆ ಸತ್ತಿಲ್ಲ. ಬುರುಜಿನ ಮೇಲಿನ ಕೋಣೆಯಲ್ಲಿದ್ದಾಳೆ. ಪ್ರತಿವರ್ಷ ಕೆಳಗಿನ ಅಂಗಳದಲ್ಲಿ ತನ್ನದೇ ಶ್ರಾದ್ಧ ನಡೆಯುವುದನ್ನು ಕಿಂಡಿಯಿಂದ ನೋಡುತ್ತಾಳೆ. ನೋಡುತ್ತ ನೋಡುತ್ತ ಮೈ ಸೆಟೆದು ಬೀಳುತ್ತಾಳೆ. ಅರಮನೆಯವರು ಆ ಸದ್ದನ್ನು ದೆವ್ವದ್ದೆಂದು ನಂಬುತ್ತಾರೆ.

ಇದನ್ನೆಲ್ಲ ನಾನೇ ತೋರಿಸಬೇಕಾಗಿತ್ತು. ಏನು ತೋರಿಸಬೇಕು, ಏನು ಬಿಡಬೇಕು ಎಂದು ನನ್ನನ್ನು ಯಾರೂ ಕೇಳುವುದಿಲ್ಲ. ಛಾವಣಿಯ ಮೇಲಿನ ಆಂಟೆನಾ ತಂದು ಸುರಿದದ್ದು ನನ್ನ ಗಾಜಿನ ಮೇಲೆ ಮೂಡಲೇಬೇಕು. ರಾಣಿ ಬೀಳುವ ದೃಶ್ಯ ಬಂದಾಗಲೆಲ್ಲ ನನ್ನ ಮೈ ಬಿಸಿಯೇರುತ್ತಿತ್ತು. ಹಲಗೆಯ ಆಚೆ ಕಸ್ತೂರಿ ಉಸಿರು ಹಿಡಿದು ಕೇಳುತ್ತಿದ್ದಳು. ಸಂದಿಯಿಂದ ಬೆಳಕು ಮಾತ್ರ ಹೋಗುತ್ತಿತ್ತು, ಚಿತ್ರ ಹೋಗುತ್ತಿರಲಿಲ್ಲ.

ಓಣಿಯಲ್ಲಿ ಬಣ್ಣದ ಟೀವಿ ಇದ್ದದ್ದು ನಮ್ಮ ಮನೆಯಲ್ಲೇ. ಹೀಗಾಗಿ ಭಾನುವಾರ ಪಡಸಾಲೆ ಕಿಕ್ಕಿರಿಯುತ್ತಿತ್ತು. ಮಕ್ಕಳು ಒಬ್ಬರ ಬೆನ್ನಿಗೆ ಒಬ್ಬರು ಅವಿತು ನೋಡುತ್ತಿದ್ದರು. ಎದುರು ಮನೆಯ ಗಲಗಲಿ ಮಾಸ್ತರರು ನಿವೃತ್ತರು. ಅವರಿಗೊಂದು ಕುರ್ಚಿ ಮೀಸಲು.

"ಇದು ಸಂಸಾರಸ್ಥರು ಕೂತು ನೋಡೂ ಅಂಥಾದ್ದಲ್ರೀ," ಎಂದು ಪ್ರತಿವಾರ ಮುಗಿದ ಮೇಲೆ ಅವರು ಹೇಳುತ್ತಿದ್ದರು. "ಹುಡುಗರ ತಲಿ ಕೆಡತದ. ನನ್ನ ಮೊಮ್ಮಗಾ ಒಬ್ಬನ ಬಚ್ಚಲಕ್ಕ ಹೋಗವಲ್ಲ."

"ಮತ್ತ ನೀವ್ಯಾಕ ಬರ್ತೀರಿ ಮಾಸ್ತರ?" ಎಂದು ಪ್ರಮೀಳಾ ಚಹಾ ಕೊಡುತ್ತ ಕೇಳಿದಳು.

"ಏನೇನು ಕೆಟ್ಟದ್ದು ಅದ ಅಂತ ತಿಳೀಬೇಕಲ್ಲವಾ. ನೋಡದs ಹೆಂಗ ಹೇಳ್ಲಿ?"

ಎಲ್ಲರೂ ನಕ್ಕರು. ಗುರುಸಿದ್ದವ್ವ ನಗಲಿಲ್ಲ. ಆಕೆ ಈ ಧಾರಾವಾಹಿಯನ್ನು ನೋಡುತ್ತಿದ್ದ ರೀತಿಯೇ ಬೇರೆ. ಬೆರಳುಗಳನ್ನು ಸೆರಗಿನಲ್ಲಿ ಸುತ್ತಿ ಬಿಗಿಯಾಗಿ ಹಿಡಿದುಕೊಂಡು, ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು, ನಾನೇನೋ ಅವರ ಗುಟ್ಟು ಬಿಚ್ಚಲು ಬಂದವನು ಎಂಬಂತೆ.

ಒಂದು ಭಾನುವಾರ ರಾಣಿ ಮತ್ತೆ ಬಿದ್ದಳು. ಕೈಕಾಲು ಸೆಟೆದವು. ಬಾಯಲ್ಲಿ ನೊರೆ ಬಂತು. ಗುಟ್ಟಾಗಿ ಬುರುಜು ಹತ್ತಿ ಬಂದ ವೈದ್ಯನೊಬ್ಬ, ಇದು ದೆವ್ವವಲ್ಲ, ರೋಗ ಎಂದ. ಮಕ್ಕಳು ಕಿರುಚಿದರು. ಶೈಲಾ ಕಿರುಚಲಿಲ್ಲ. ಓಣಿಯವರೆಲ್ಲ ಎದ್ದುಹೋಗುವವರೆಗೂ ಸುಮ್ಮನಿದ್ದು, ಆಮೇಲೆ ಅಜ್ಜಿಯ ಹತ್ತಿರ ಬಂದಳು. ಅಜ್ಜಿಯನ್ನು ಆಕೆ ಆಯಿ ಎಂದು ಕರೆಯುತ್ತಿದ್ದಳು.

"ಆಯಿ, ರಾಣಿಗೂ ನಮ್ಮ ಕಸ್ತೂರಿ ಅತ್ತಿಗೂ ಆಗೋದು ಒಂದs ಏನು?"

ಮುರಿಗೆಪ್ಪನವರು ಪೇಪರನ್ನು ಮುಖಕ್ಕೆ ಹಿಡಿದರು.

"ರಾಣಿಗೆ ದೆವ್ವ ಬಡದಿಲ್ಲಂತ ಆ ವೈದ್ಯ ಹೇಳಿದನಲ್ಲ. ಮತ್ತ ಅತ್ತಿನ್ನ ಯಾಕ..."

ಗುರುಸಿದ್ದವ್ವ ಎದ್ದು ಬಂದು ನನ್ನ ಮರದ ಬಾಗಿಲುಗಳನ್ನು ದಡಾರನೆ ಮುಚ್ಚಿದರು. ನನ್ನೊಳಗೆ ಕತ್ತಲಾಯಿತು. "ಇನ್ನ ಮ್ಯಾಲೆ ಇದನ್ನ ಈ ಮನ್ಯಾಗ ಯಾರೂ ನೋಡಂಗಿಲ್ಲ," ಎಂದ ದನಿ ಮಾತ್ರ ಕೇಳಿಸಿತು. ಶೈಲಾಳ ಪ್ರಶ್ನೆಗೆ ಉತ್ತರ ಸಿಗಲಿಲ್ಲ.

ಮುಂದಿನ ಭಾನುವಾರ ಬಂತು. ಗುರುಸಿದ್ದವ್ವ ಮಠಕ್ಕೆ ಹೋಗಿದ್ದರು, ಮುರಿಗೆಪ್ಪನವರು ಶೈಲಾಳನ್ನು ಅಂಗಡಿಗೆ ಕರೆದೊಯ್ದಿದ್ದರು. ಪಡಸಾಲೆ ಖಾಲಿ. ಕರಿಮಹಲ್ ಬರುವ ಹೊತ್ತು. ಹಿಂದಿನಿಂದ ಹಲಗೆಯ ಮೇಲೆ ಬೆರಳ ಗೆಣ್ಣು ಕುಟ್ಟಿತು. ಸ್ವಲ್ಪ ತಡೆದು ಮತ್ತೆ ಕುಟ್ಟಿತು.

ಮುಚ್ಚಿದ ನನ್ನ ಬಾಗಿಲ ಸಂದಿಯಲ್ಲಿ ಕಂಡಿತು, ಪ್ರಮೀಳಾ ಅಡುಗೆಮನೆಯಿಂದ ಬಂದಳು. ಕೈಯಲ್ಲಿ ರೊಟ್ಟಿಯ ಹಿಟ್ಟು ಮೆತ್ತಿತ್ತು. ಬೀದಿಯ ಬಾಗಿಲ ಕಡೆ ನೋಡಿದಳು. ನನ್ನ ಬಾಗಿಲನ್ನು ಕೈ ತೂರುವಷ್ಟೇ ಸರಿಸಿ ಗುಂಡಿ ಒತ್ತಿ, ಮತ್ತೆ ಮುಚ್ಚಿ, ಏನೂ ಆಗದವಳಂತೆ ರೊಟ್ಟಿ ಬಡಿಯಲು ಹೋದಳು.

ಮುಚ್ಚಿದ ಬಾಗಿಲ ಒಳಗೆ ನಾನು ಕತೆ ನಡೆಸಿದೆ. ನನ್ನ ಮುಂದೆ ಒಬ್ಬರೂ ಇರಲಿಲ್ಲ, ಹಿಂದೆ ಒಬ್ಬಳಿದ್ದಳು. ಅಷ್ಟು ಮನಸ್ಸಿಟ್ಟು ನನ್ನನ್ನು ಯಾರೂ ಎಂದೂ ಕೇಳಿಸಿಕೊಂಡಿರಲಿಲ್ಲ. ನಡುವೆ ಒಮ್ಮೆ ಅವಳು ಮೆಲ್ಲಗೆ, "ವೈನಿ, ದನಿ ಸ್ವಲ್ಪ ಏರಸ್ತಿ?" ಅಂದಳು. ಪ್ರಮೀಳಾ ಓಡಿಬಂದು ಏರಿಸಿದಳು. ಹೀಗೆ ಮೂರ್ನಾಲ್ಕು ವಾರ ನಡೆಯಿತು. ಆ ಹೊತ್ತಿನಲ್ಲೆಲ್ಲ ಪ್ರಮೀಳಾಳನ್ನು ಎರಡು ಸಂಗತಿ ಕಾಡುತ್ತಿದ್ದುದನ್ನು ನಾನು ಬಲ್ಲೆ. ಅತ್ತೆಗೆ ತಿಳಿದರೆ ಏನಾದೀತು ಎಂಬ ಹೆದರಿಕೆ ಒಂದು. ಇಷ್ಟು ವರ್ಷ ಚಿಲಕ ಹಾಕಿದ್ದು ತನ್ನ ಕೈಯೇ ಎಂಬುದು ಇನ್ನೊಂದು.

ಈ ನಡುವೆ ಗಲಗಲಿ ಮಾಸ್ತರರ ತಕರಾರು ಬೆಳೆಯಿತು. ಧಾರಾವಾಹಿಯನ್ನು ನಿಲ್ಲಿಸಬೇಕೆಂದು ಮನವಿ ಬರೆದು, ಓಣಿಯವರ ಸಹಿ ಹಾಕಿಸಿ ಕಳಿಸುವುದೆಂದು ತೀರ್ಮಾನವಾಯಿತು. ಮುರಿಗೆಪ್ಪನವರು ಓಣಿಯ ಹಿರಿಯರಲ್ಲಿ ಒಬ್ಬರಲ್ಲವೇ. ಸಭೆ ನಮ್ಮ ಪಡಸಾಲೆಯಲ್ಲೇ ಸೇರಿತು, ಅದೂ ಭಾನುವಾರ ಬೆಳಿಗ್ಗೆ. ಜಮಖಾನ ಹಾಸಿದರು. ಮಾಸ್ತರರು ಕನ್ನಡಕ ಏರಿಸಿ ಓದಿದರು: "ಸದರಿ ಧಾರಾವಾಹಿಯು ಕುಟುಂಬದ ಪಾವಿತ್ರ್ಯಕ್ಕೆ ಧಕ್ಕೆ ತರುವಂಥದ್ದಾಗಿದ್ದು..."

"ಯಾವ ಮನ್ಯಾಗ ಹಿಂಗ ನಡೀತೈತಿ?" ಎಂದರು ಗುರುಸಿದ್ದವ್ವ. "ಬರೇ ಸುಳ್ಳು."

ಯಾರೋ ಒಬ್ಬರು, ಸಹಿ ಹಾಕುವ ಮೊದಲು ಈ ವಾರದ್ದನ್ನೂ ನೋಡಿಬಿಡೋಣ, ಬರೆಯಲು ಇನ್ನಷ್ಟು ಸಿಕ್ಕೀತು ಎಂದರು. ಮಾಸ್ತರರಿಗೆ ಅದು ಒಪ್ಪಿಗೆಯಾಯಿತು, ನೋಡಬೇಕೆಂಬ ಆಸೆ ಅವರಿಗೂ ಇತ್ತು. ಗುರುಸಿದ್ದವ್ವ ಬೇಡ ಅನ್ನುವಷ್ಟರಲ್ಲಿ ನನ್ನ ಬಾಗಿಲು ತೆರೆದಿತ್ತು.

ಅಂದು ಶ್ರಾದ್ಧದ ದೃಶ್ಯ. ಕೆಳಗೆ ಮಂತ್ರ. ಮೇಲೆ ರಾಣಿ ಕಿಂಡಿಗೆ ಮುಖವೊತ್ತಿ, "ನಾನು ಇದ್ದೇನೆ, ನಾನಿನ್ನೂ ಇದ್ದೇನೆ," ಎನ್ನುತ್ತಾಳೆ. ಯಾರಿಗೂ ಕೇಳಿಸುವುದಿಲ್ಲ. ಪಡಸಾಲೆಯಲ್ಲಿ ಒಬ್ಬರೂ ಮಿಸುಕಲಿಲ್ಲ. ಆಗ ಧಡ್ ಎಂದು ಏನೋ ಬಿದ್ದ ಸದ್ದು. ಒಂದು ಲೋಟ ಉರುಳಿತು. ಕಾಲು ನೆಲಕ್ಕೆ ಬಡಿಯತೊಡಗಿತು. ನನ್ನ ಬೆನ್ನಿಗೆ ತಾಗಿದ್ದ ಹಲಗೆ ಅದುರಿತು. ಎಲ್ಲರೂ ಅದನ್ನು ಧಾರಾವಾಹಿಯದೇ ಸದ್ದೆಂದು ತಿಳಿದರು.

ಅಷ್ಟರಲ್ಲಿ ನನ್ನ ಗಾಜಿನ ಮೇಲೆ ಜಾಹೀರಾತು ಬಂತು. ಬಟ್ಟೆ ಸಾಬೂನಿನ ಹಾಡು, ನಗುವ ಹೆಂಗಸು, ಬೆಳ್ಳಗಿನ ಅಂಗಿ. ಕಾಲು ಬಡಿಯುವ ಸದ್ದು ಮಾತ್ರ ನಿಲ್ಲಲಿಲ್ಲ.

ಜನ ಒಬ್ಬರ ಮುಖ ಒಬ್ಬರು ನೋಡಿದರು.

"ಬೆಕ್ಕು," ಎಂದರು ಗುರುಸಿದ್ದವ್ವ. "ಹಿಂದಿನ ಖೋಲ್ಯಾಗ ಬೆಕ್ಕು ಹೊಕ್ಕೈತಿ."

"ಬೆಕ್ಕಲ್ಲ ಆಯಿ," ಎಂದಳು ಶೈಲಾ. "ಅತ್ತಿ."

ಪ್ರಮೀಳಾ ಎದ್ದು ನಿಂತಳು.

"ಪ್ರಮೀಳಾ, ಕೂಡ್ರು," ಎಂದರು ಅತ್ತೆ.

"ಇವತ್ತ ಕೂಡ್ರಂಗಿಲ್ರಿ ಅತ್ಯಾರ."

ಅವಳು ಹೋದಳು. ಚಿಲಕ ತೆಗೆದ ಸದ್ದು ಕೇಳಿತು. ನನಗೆ ಕಂಡದ್ದು ಪಡಸಾಲೆಯ ಮುಖಗಳು ಮಾತ್ರ. ಅವೆಲ್ಲ ನನ್ನ ಪಕ್ಕದಲ್ಲಿದ್ದ, ಹಿಂದಿನ ಖೋಲಿಗೆ ಹೋಗುವ ಬಾಗಿಲ ಕಡೆ ತಿರುಗಿದವು. ಮೊದಲು ಎದ್ದವರು ಗಲಗಲಿ ಮಾಸ್ತರರು. ಮನವಿಯ ಹಾಳೆ ತೊಡೆಯಿಂದ ಜಾರಿತು. ಅದನ್ನು ತುಳಿದುಕೊಂಡೇ ಅವರು ಒಳಗೆ ಹೋದರು. "ಮಗ್ಗಲಾಗಿ ಹೊರಳಸ್ರಿ. ಬಾಯಾಗ ಏನೂ ತುರುಕಬ್ಯಾಡ್ರಿ. ಹಿಡೀಬ್ಯಾಡ್ರಿ, ತಾನs ನಿಲ್ಲತದ," ಎಂಬ ಅವರ ಮಾತು ಕೇಳಿಸಿತು. ಬಹಳ ಹೊತ್ತಾದ ಮೇಲೆ ಪ್ರಮೀಳಾ ಮತ್ತು ಶೈಲಾ ಕಸ್ತೂರಿಯನ್ನು ಎರಡೂ ತೋಳಿಗೆ ಆಸರೆಯಾಗಿ ಹೊರಗೆ ಕರೆತಂದರು.

ಆಗ ನಾನು ಅವಳನ್ನು ಮೊದಲ ಸಲ ನೋಡಿದೆ. ಬಿಸಿಲು ಕಾಣದೆ ಬಿಳಚಿಕೊಂಡ ಮುಖ. ಒಂದು ಮುಂಗೈ ಮೇಲೆ ಸುಟ್ಟ ಹಳೆಯ ಗುರುತು. ಅವಳು ಓಣಿಯ ಜನರನ್ನು ನೋಡಲಿಲ್ಲ. ನನ್ನನ್ನು ನೋಡಿದಳು.

"ಅಥಣ್ಯಾಗ ಅದಾಳ ಅಂದಿದ್ದಿರಿ," ಎಂದರು ಮಾಸ್ತರರು.

ಗುರುಸಿದ್ದವ್ವ ಗೋಡೆ ಹಿಡಿದು ಕೆಳಗೆ ಕುಳಿತರು. "ಒಲಿ ಮ್ಯಾಲೆ ಬಿದ್ದು ಕೈ ಸುಟಗೊಂಡ್ಳ್ರಿ. ಭಾಂವಿ ಕಟ್ಟಿ ಮ್ಯಾಲಿಂದ ಬೀಳೋದು ಸ್ವಲ್ಪದ್ರಾಗ ತಪ್ಪಿತು. ಗಂಡನ ಮನ್ಯಾವ್ರು ಹೊಸಲಿಗೆ ಒಗದು ಹೋದ್ರು. ಜನಾ ಏನಂತಾರ ಅಂತ ಅಂಜಿದೆ, ಖರೇ. ಆದ್ರ ಕದಾ ಹಾಕಿದ್ರ ಜೀವಂತ ಅರ ಇರ್ತಾಳ ಅಂತ ಹಾಕಿದೆ. ನಾ ಹಡದಾಕಿರಿ. ನಾ ಇನ್ನೇನು ಮಾಡ್ಲಿ?"

ಮುರಿಗೆಪ್ಪನವರು ತಲೆ ಎತ್ತದೆ ಕುಳಿತಿದ್ದರು. ನನ್ನೊಳಗೆ ರಾಣಿಯ ಕತೆ ಮುಂದುವರಿದಿತ್ತು. ಅದನ್ನು ನೋಡುವವರಿರಲಿಲ್ಲ. ಕಡೆಗೆ ಮಾಸ್ತರರೇ ಗುರುಸಿದ್ದವ್ವನ ಮುಂದೆ ಕುಳಿತು ಮೆತ್ತಗೆ ಹೇಳಿದರು: "ನನ್ನ ತಂಗಿ ಮಗಳಿಗೂ ಹಿಂಗs ಆಗ್ತಿತ್ತು ನೋಡವಾ. ಹುಬ್ಬಳ್ಳಿ ಡಾಕ್ಟರ ಗುಳಿಗಿ ಕೊಟ್ಟಾರ. ಈಗ ಆಕಿ ಬ್ಯಾಂಕಿಗೆ ಹೋಗಿ ದುಡೀತಾಳ. ನಾಳೆ ನಾನೂ ಜೋಡಿ ಬರ್ತೀನಿ, ನಡೀರಿ."

ಮರುದಿನ ಅವರು ಹೋದರು. ಗುಳಿಗೆ ನುಂಗಲು ಶುರುಮಾಡಿದ ಮೇಲೆ ಮೂರ್ಛೆ ಪೂರ್ತಿ ನಿಲ್ಲಲಿಲ್ಲ, ಆದರೆ ಅಪರೂಪವಾಯಿತು. ಹಿಂದಿನ ಖೋಲಿಯ ಕಿಟಕಿಗೆ ಹೊಡೆದಿದ್ದ ಹಲಗೆಯನ್ನು ಮುರಿಗೆಪ್ಪನವರೇ ಸಲಾಕೆ ಹಾಕಿ ಕಿತ್ತರು. ಕೀಳುವಾಗ ಅತ್ತರು. ನನ್ನನ್ನು ಅದಕ್ಕಾಗಿ ಪಕ್ಕಕ್ಕೆ ಸರಿಸಿದ್ದರಿಂದ ಆ ಅಳುವನ್ನು ನಾನು ಮುಂದಿನಿಂದಲೇ ನೋಡಿದೆ.

ಕಸ್ತೂರಿ ಜನರೊಂದಿಗೆ ಕುಳಿತು ಕರಿಮಹಲ್ ನೋಡಿದ್ದು ಎರಡೇ ವಾರ. ಮೊದಲ ವಾರ ಬೇಸರಪಟ್ಟುಕೊಂಡಳು. "ಇಷ್ಟ ಸಣ್ಣಾಕಿ ಏನು ರಾಣಿ? ನನ್ನ ಮನಸಿನ್ಯಾಗ ಬ್ಯಾರೇನs ಇದ್ಳು. ನಮ್ಮ ವೈನಿ ಹಂಗ ಎತ್ತರಾಕಿ." ಎರಡನೆಯ ವಾರದ ನಂತರ ಧಾರಾವಾಹಿ ನಿಂತುಹೋಯಿತು. ನಮ್ಮ ಓಣಿಯ ಮನವಿ ಹೋಗಿರಲಿಲ್ಲ. ಆದರೆ ಬೇರೆ ಊರುಗಳಿಂದ ಹೋಗಿತ್ತಂತೆ, ಕುಟುಂಬ ಸಮೇತ ನೋಡಲು ತಕ್ಕದ್ದಲ್ಲ ಎಂದು. ರಾಣಿ ಬುರುಜಿನಲ್ಲೇ ಉಳಿದಳು. ಅವಳ ಕತೆ ಮುಂದೆ ಏನಾಯಿತೆಂದು ನನಗೂ ಗೊತ್ತಿಲ್ಲ. ಅರ್ಧಕ್ಕೆ ನಿಂತ ಆ ಕತೆ ನನ್ನೊಳಗೆ ತುರಿಕೆಯಂತೆ ಉಳಿದುಬಿಟ್ಟಿತು.

ವರ್ಷಗಳು ಉರುಳಿದವು. ಕೇಬಲ್ ಬಂತು. ಮುರಿಗೆಪ್ಪನವರು ದೊಡ್ಡ ಟೀವಿ ತಂದರು. ಅಷ್ಟರಲ್ಲಿ ಕಸ್ತೂರಿ ಬೆಟಗೇರಿಯಲ್ಲಿ ಎರಡು ಖೋಲಿಯ ಮನೆ ಹಿಡಿದು, ಹೆಣ್ಣುಮಕ್ಕಳಿಗೆ ಕಸೂತಿ ಕಲಿಸುತ್ತಿದ್ದಳು. ನನ್ನನ್ನು ಅವಳಿಗೆ ಕೊಟ್ಟರು. "ಗ್ವಾಡಿಗೆ ಹಚ್ಚಿ ಇಡಬ್ಯಾಡ್ರಿ," ಎಂದು ಅವಳು ಆಳುಗಳಿಗೆ ಹೇಳಿದಳು. ಬೀದಿಬಾಗಿಲಿಗೆ ಎದುರಾಗಿ ಇಡಿಸಿದಳು. ಜೀವಮಾನದಲ್ಲಿ ಮೊದಲ ಸಲ ನನ್ನ ಬೆನ್ನಿಗೆ ಗಾಳಿ ತಾಗಿತು.

ಅಲ್ಲಿಗೆ ಕಡೆಗಾಲದಲ್ಲಿ ಗುರುಸಿದ್ದವ್ವನೂ ಬಂದರು. ಮಗನ ಮನೆಯಲ್ಲಿ ಎಲ್ಲ ಇತ್ತು, ಆದರೆ ಆಕೆ, "ಕಸ್ತೂರಿ ಕಡೆ ಒಯ್ರಿ" ಎಂದು ಹಟ ಹಿಡಿದರಂತೆ. ಆಕೆಗೆ ಮರೆವು ಹೆಚ್ಚಾಗಿತ್ತು. ನಡುಮಧ್ಯಾಹ್ನ ಎದ್ದು, ಅಥಣಿಯಿಂದ ಮಗಳು ಬರುತ್ತಾಳೆ, ಸ್ಟೇಷನ್ನಿಗೆ ಹೋಗುತ್ತೇನೆ ಎಂದು ಹೊರಟುಬಿಡುತ್ತಿದ್ದರು. "ನಾನs ಕಸ್ತೂರಿ ಅವ್ವಾ," ಎಂದರೆ, "ನೀ ಅಲ್ಲ, ಆಕಿ ಸಣ್ಣಾಕಿ," ಅನ್ನುತ್ತಿದ್ದರು. ಒಂದು ದಿನ ಹಾಗೆ ಹೋಗಿ ಗಟಾರದಲ್ಲಿ ಬಿದ್ದು ಹಣೆ ಒಡೆದುಕೊಂಡರು. ಜನ ಎತ್ತಿ ತಂದರು.

"ಹೊರಗಿಂದ ಕೊಂಡಿ ಹಾಕಿ ಹೋಗ್ರಿ ಅಕ್ಕಾರ," ಎಂದಳು ಪಕ್ಕದ ಮನೆಯ ರಾಜವ್ವ. "ಇಲ್ಲಾಂದ್ರ ಒಂದಿನ ಹೆಚ್ಚುಕಮ್ಮಿ ಆಗತೈತಿ."

ಮರುದಿನ ಕಸ್ತೂರಿ ನೂಲು ತರಲು ಪೇಟೆಗೆ ಹೊರಟಳು. ಅವ್ವ ಮಲಗಿದ್ದರು. ಕಸ್ತೂರಿ ಹೊರಗೆ ಹೋಗಿ ಬಾಗಿಲು ಎಳೆದುಕೊಂಡಳು. ಪೂರ್ತಿ ಮುಚ್ಚಲಿಲ್ಲ. ಸಂದಿಯಲ್ಲಿ ಅವಳ ಕೈ ನನಗೆ ಕಾಣುತ್ತಿತ್ತು, ಸುಟ್ಟ ಗುರುತಿನ ಕೈ. ಅದು ಕೊಂಡಿಯ ಮೇಲೆ ಬಂದು ನಿಂತಿತು. ನಾನು ಆಗ ಬಂದ್ ಆಗಿದ್ದೆ. ಆದರೂ ನನ್ನೊಳಗಿನ ನಡುಕ ಎದ್ದಿತು. ಕೂಗಿಬಿಡೋಣ ಅನ್ನಿಸಿತು. ನನ್ನದೇ ಎಂಬ ದನಿ ನನಗೆಲ್ಲಿ ಬರಬೇಕು?

ಕೈ ಬಹಳ ಹೊತ್ತು ಅಲ್ಲೇ ಇತ್ತು. ತಾಯಿ ಇಷ್ಟು ವರ್ಷ ಹೊತ್ತ ಹೆದರಿಕೆ ಎಂಥದ್ದೆಂದು ಅವಳಿಗೆ ಆ ಹೊತ್ತಿನಲ್ಲಿ ತಿಳಿದಿರಬೇಕು. ಆಮೇಲೆ ಬಾಗಿಲು ತೆರೆದು ಒಳಗೆ ಬಂದಳು. ಚೀಲವನ್ನು ಮೊಳೆಗೆ ಸಿಕ್ಕಿಸಿದಳು. ಹೊಸಲಿನ ಮೇಲೆ ಕುಳಿತು ಕಸೂತಿ ಹಿಡಿದಳು. ಅಂದಿನಿಂದ ಅವಳ ಶಾಲೆ ಹೊಸಲಿಗೇ ಬಂತು. ಹುಡುಗಿಯರು ಕಟ್ಟೆಯ ಮೇಲೆ ಕುಳಿತು ಕಲಿಯುತ್ತಿದ್ದರು. ಅವ್ವ ಎದ್ದು ಹೊರಟರೆ ಯಾರಾದರೊಬ್ಬಳು ಜೊತೆಗೆ ಓಣಿಯ ತುದಿಯವರೆಗೆ ಹೋಗಿ ಬರುತ್ತಿದ್ದಳು. ಗುರುಸಿದ್ದವ್ವ ಒಂದು ಬೆಳಿಗ್ಗೆ ಅದೇ ಹೊಸಲ ಬಳಿ, ಮಗಳ ತೊಡೆಗೆ ತಲೆಯಿಟ್ಟು ತೀರಿಕೊಂಡರು.

ಈಗ ನನ್ನೊಳಗೆ ಚಿತ್ರ ಮೂಡುವುದಿಲ್ಲ. ರಿಪೇರಿಯವನು ನೋಡಿ ಕೈಚೆಲ್ಲಿಬಿಟ್ಟ. ನಾನು ಮೂಲೆಯಲ್ಲಿದ್ದೇನೆ. ನನ್ನ ತಲೆಯ ಮೇಲೆ ನೂಲಿನ ಉಂಡೆಗಳು, ಕತ್ತರಿ, ಒಂದು ಕಡ್ಡಿಪೆಟ್ಟಿಗೆ. ಕೂದಲು ನರೆತ ಕಸ್ತೂರಿಯ ಹತ್ತಿರ ಓಣಿಯ ತಾಯಂದಿರು ಬಂದು ಕೂರುತ್ತಾರೆ. ಮೊನ್ನೆ ರಾಜವ್ವನ ಸೊಸೆ ಕೇಳಿದಳು: "ಅಕ್ಕಾರ, ಈಗೊಂದು ಹೊಸಾ ದೆವ್ವದ ಧಾರಾವಾಹಿ ಬರಾಕತ್ತೈತಿ. ಹುಡುಗ್ರು ನೋಡಬಹುದೇನ್ರಿ?"

ಕಸ್ತೂರಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಪೋಣಿಸಿ ಮುಗಿಸಿ ಹೇಳಿದಳು: "ತೀರಾ ಸಣ್ಣ ಕೂಸಿಗೆ ಬ್ಯಾಡ, ಅಂಜತಾವ. ಉಳದವ್ರ ಜೋಡಿ ನೀನೂ ಕೂತು ನೋಡವಾ. ನಡುವ ಏನರ ಕೇಳಿದ್ರ ಟೀವಿ ಬಂದ್ ಮಾಡಬ್ಯಾಡ. ಉತ್ತರಾ ಹೇಳು."

ಸೊಸೆ ಎದ್ದುಹೋದಳು. ಸಂಜೆಯಾಯಿತು. ಓಣಿಯ ಮನೆಮನೆಯಲ್ಲಿ ಟೀವಿಗಳು ಹೊತ್ತಿಕೊಂಡವು. ತೆರೆದ ಬಾಗಿಲಿನಿಂದ ಆ ಬೆಳಕೆಲ್ಲ ನನಗೆ ಕಾಣುತ್ತದೆ. ಎಲ್ಲ ಹೊಸ ಜಾತಿಯವು, ಗೋಡೆಗೆ ಬೆನ್ನು ಒತ್ತಿ ಅಂಟಿಕೊಂಡವು. ನನಗೆ ಸುಮ್ಮನಿರಲಾಗುವುದಿಲ್ಲ. ಅವುಗಳನ್ನು ಒಂದೊಂದಾಗಿ ಕೇಳಬೇಕು ಅನ್ನಿಸುತ್ತದೆ: ನಿಮ್ಮ ಬೆನ್ನ ಹಿಂದಿನ ಖೋಲಿಯಲ್ಲಿ ಯಾರಿದ್ದಾರೆ?